ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ಮತ್ತು ಮುಂದಿನ ಬಸಿರು: ಇಲಿಗಳಲ್ಲಿ ಕಂಡದ್ದು ನಮ್ಮ ಮಗಳಿಗೂ ಅನ್ವಯಿಸುತ್ತದೆಯೇ?

ಪ್ರಶ್ನೆ: ಹಾಸನದ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 22 ವರ್ಷ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆಂದು ನಿದ್ದೆಗೆಟ್ಟು ಓದುತ್ತಿದ್ದ ದಿನಗಳಲ್ಲಿ, ಬೆಳಗ್ಗೆ ಎದ್ದ ಸ್ವಲ್ಪ ಹೊತ್ತಿಗೆ ಅವಳ ಕೈಗಳು ಇದ್ದಕ್ಕಿದ್ದಂತೆ ಅದುರಿ, ಹಿಡಿದ ಲೋಟವೋ ಬಾಚಣಿಗೆಯೋ ಕೆಳಗೆ ಬೀಳುತ್ತಿತ್ತು. ಗಾಬರಿಯಿರಬೇಕೆಂದು ನಾವು ಸುಮ್ಮನಿದ್ದೆವು. ಪರೀಕ್ಷೆ ಮುಗಿದ ವಾರದಲ್ಲಿ ದೊಡ್ಡದಾಗಿ ಫಿಟ್ಸ್ ಬಂದ ಮೇಲೆ ಪರೀಕ್ಷಿಸಿದ ವೈದ್ಯರು, ಇದು ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ ಎಂದು ಹೇಳಿ ಸೋಡಿಯಂ ವಾಲ್‌ಪ್ರೊಯೇಟ್ ಮಾತ್ರೆ ಬರೆದುಕೊಟ್ಟರು. ಬೆಳಗ್ಗೆ 500 ಮಿಲಿಗ್ರಾಂ, ರಾತ್ರಿ 500 ಮಿಲಿಗ್ರಾಂ. ಆರು ವರ್ಷಗಳಿಂದ ಒಮ್ಮೆಯೂ ಫಿಟ್ಸ್ ಬಂದಿಲ್ಲ. ಆ ಮಾತ್ರೆಯ ಋಣ ನಮ್ಮ ಮೇಲಿದೆ ಎಂದೇ ನಾನು ತಿಳಿದಿದ್ದೇನೆ.

ಈಗ ಮದುವೆಯ ಮಾತು ನಡೆಯುತ್ತಿದೆ. ಜೀವಶಾಸ್ತ್ರ ಓದುತ್ತಿರುವ ನನ್ನ ಅಣ್ಣನ ಮಗ, ಇದೇ ಔಷಧವನ್ನು ಬಸುರಿ ಇಲಿಗಳಿಗೆ ಕೊಟ್ಟರೆ ಅವುಗಳ ಮರಿಗಳಲ್ಲಿ ಆಟಿಸಂನಂಥ ಲಕ್ಷಣಗಳು ಕಾಣುತ್ತವೆ ಎಂದೂ, ಆಟಿಸಂ ಕುರಿತ ಸಂಶೋಧನೆಗೆ ಪ್ರಯೋಗಾಲಯಗಳಲ್ಲಿ ಅಂಥ ಇಲಿಗಳನ್ನು ಹಾಗೆಯೇ ತಯಾರಿಸುತ್ತಾರೆ ಎಂದೂ ಹೇಳಿದ. ಅದನ್ನು ಕೇಳಿದಂದಿನಿಂದ ನನಗೆ ನೆಮ್ಮದಿಯಿಲ್ಲ. ಹೊರರೋಗಿ ವಿಭಾಗದ ಜನಸಂದಣಿಯ ನಡುವೆ ಕೇಳಿದಾಗ, ಮದುವೆಯಾದ ಮೇಲೆ ನೋಡೋಣ ಎಂಬ ಉತ್ತರ ಸಿಕ್ಕಿತು. ಆರು ವರ್ಷ ಫಿಟ್ಸ್ ಬಾರದಿರುವುದರಿಂದ ಮಾತ್ರೆಯನ್ನು ನಾವೇ ನಿಲ್ಲಿಸಿ ನೋಡಬಹುದೇ? ಇಲಿಗಳಿಗೆ ಆದದ್ದು ಮನುಷ್ಯರಿಗೂ ಆಗುತ್ತದೆಯೇ? ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಂಡರೆ ತೊಂದರೆ ತಪ್ಪುತ್ತದೆ ಎನ್ನುತ್ತಾರೆ, ಅದು ನಿಜವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ಔಷಧಶಾಸ್ತ್ರದ ಅಧ್ಯಾಪಕ, ಮೈಸೂರು

ಅಮ್ಮ, ಬೇರೆಲ್ಲಕ್ಕಿಂತ ಮೊದಲು ಒಂದು ಮಾತು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಒಂದು ದಿನದ ಮಟ್ಟಿಗೂ ಬೇಡ. ನಿಮ್ಮ ಮಗಳಿಗಿರುವ ಬಗೆಯ ಮೂರ್ಛೆರೋಗ ಔಷಧಕ್ಕೆ ಚೆನ್ನಾಗಿ ಬಗ್ಗುತ್ತದೆ, ಆದರೆ ಔಷಧ ನಿಂತರೆ ಬಹುಪಾಲು ಜನರಲ್ಲಿ ಮರಳಿ ಬರುತ್ತದೆ. ತಟ್ಟನೆ ನಿಲ್ಲಿಸಿದಾಗ ಒಂದರ ಹಿಂದೊಂದು ಬಿಡದೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ನಿಮ್ಮ ಅಣ್ಣನ ಮಗ ಹೇಳಿದ್ದು ಸರಿಯಾಗಿದೆ. ಆದರೆ ಈ ಔಷಧದ ವಿಷಯದಲ್ಲಿ ಇಲಿಗಳನ್ನು ನೋಡಿ ಮನುಷ್ಯರ ಬಗ್ಗೆ ಊಹಿಸಬೇಕಾದ ಸ್ಥಿತಿ ಇಲ್ಲ. ಮನುಷ್ಯರಿಂದಲೇ ದೊರೆತ ಪುರಾವೆ ಬೇಕಾದಷ್ಟಿದೆ, ಮತ್ತು ಅದು ಇಲಿಗಳ ಪುರಾವೆಗಿಂತ ಗಟ್ಟಿಯಾಗಿದೆ.

ವಾಲ್‌ಪ್ರೊಯಿಕ್ ಆಮ್ಲವನ್ನು 1882ರಲ್ಲಿಯೇ ತಯಾರಿಸಿದ್ದರೂ ಎಂಬತ್ತು ವರ್ಷಗಳ ಕಾಲ ಅದು ಬೇರೆ ವಸ್ತುಗಳನ್ನು ಕರಗಿಸಲು ಬಳಸುವ ದ್ರಾವಕವಾಗಿ ಮಾತ್ರ ಇತ್ತು. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನ ಸಂಶೋಧಕರು ಹೊಸ ವಸ್ತುಗಳನ್ನು ಅದರಲ್ಲಿ ಕರಗಿಸಿ ಪ್ರಾಣಿಗಳ ಮೇಲೆ ಪರೀಕ್ಷಿಸುವಾಗ, ಕರಗಿಸಿದ ವಸ್ತು ಯಾವುದೇ ಇರಲಿ ಪ್ರಾಣಿಗಳಿಗೆ ಫಿಟ್ಸ್ ಬಾರದಿರುವುದನ್ನು ಕಂಡು, ಗುಣವಿರುವುದು ದ್ರಾವಕದಲ್ಲಿಯೇ ಎಂದು ಅರಿತರು. 1967ರಲ್ಲಿ ಫ್ರಾನ್ಸಿನಲ್ಲಿ, 1978ರಲ್ಲಿ ಅಮೆರಿಕದಲ್ಲಿ ಅದು ರೋಗಿಗಳ ಕೈಸೇರಿತು. 1982ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಹುಟ್ಟಿನ ಅಂಗದೋಷಗಳ ದಾಖಲೆಗಳನ್ನು ಪರಿಶೀಲಿಸುತ್ತಿದ್ದ ಎಲಿಸಬೆತ್ ರಾಬರ್ಟ್ ಎಂಬ ವೈದ್ಯೆ, ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟುವ ಸ್ಪೈನಾ ಬಿಫಿಡಾ ಶಿಶುಗಳ ತಾಯಂದಿರಲ್ಲಿ ಈ ಔಷಧ ಸೇವಿಸಿದವರು ನಿರೀಕ್ಷೆಗಿಂತ ಹೆಚ್ಚಿರುವುದನ್ನು ಗುರುತಿಸಿದರು. ಅಂದರೆ ಎಚ್ಚರಿಕೆಯ ಗಂಟೆ ಬಾರಿಸಿ ನಾಲ್ಕು ದಶಕಗಳೇ ಕಳೆದಿವೆ. ಇಷ್ಟು ತಿಳಿದಿದ್ದೂ ಅದು ಹೊರರೋಗಿ ವಿಭಾಗದ ಮಾತುಕತೆಯವರೆಗೆ ಇನ್ನೂ ತಲುಪಿಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿ.

ಇಲಿಗಳ ಕಥೆಯೂ ಇಲ್ಲಿಂದಲೇ ಹೊರಡುತ್ತದೆ. ಮನುಷ್ಯ ಭ್ರೂಣದಲ್ಲಿ ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗುವ ನರಕೊಳವೆಯು ಗರ್ಭ ನಿಂತ 28 ದಿನಗಳೊಳಗೆ, ಅಂದರೆ ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ, ಮುಚ್ಚಿಕೊಂಡುಬಿಡುತ್ತದೆ. ಇಲಿಯ ಬಸಿರು ಸುಮಾರು ಮೂರು ವಾರಗಳದ್ದಾದ್ದರಿಂದ ಅದರಲ್ಲಿ ಇದೇ ಘಟ್ಟ ಹತ್ತು ಹನ್ನೊಂದನೆಯ ದಿನದ ಆಸುಪಾಸಿಗೆ ಬರುತ್ತದೆ. ಅಮೆರಿಕದ ಪೆಟ್ರೀಷಿಯಾ ರೋಡಿಯರ್ ಮತ್ತು ಅವರ ಸಂಗಡಿಗರು ಆ ಹೊತ್ತಿನಲ್ಲಿ ಬಸುರಿ ಇಲಿಗಳಿಗೆ ವಾಲ್‌ಪ್ರೊಯೇಟ್ ಕೊಟ್ಟು, ಮರಿಗಳ ಮಿದುಳುಕಾಂಡದ ಕೆಲವು ನರಕೋಶಗಳು ಕಡಿಮೆಯಾಗಿರುವುದನ್ನು 1996ರಲ್ಲಿ ಪ್ರಕಟಿಸಿದರು. ಮುಂದೆ ಬೇರೆಯವರು, ಹನ್ನೆರಡೂವರೆ ದಿನದ ಬಸಿರಿನಲ್ಲಿ ಔಷಧ ಪಡೆದ ಇಲಿಗಳ ಮರಿಗಳು ತಮ್ಮ ಜೊತೆಯವುಗಳೊಡನೆ ಆಡುವುದು ಕಡಿಮೆ, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು ಹೆಚ್ಚು ಎಂದು ತೋರಿಸಿದರು. ಆ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕೊಡುವುದು ಪ್ರತಿ ಕಿಲೋ ತೂಕಕ್ಕೆ 500ರಿಂದ 600 ಮಿಲಿಗ್ರಾಂ, ಅದೂ ಒಂದೇ ಬಾರಿಗೆ. ನಿಮ್ಮ ಮಗಳ ತೂಕ 55 ಕಿಲೋ ಎಂದುಕೊಂಡರೆ ಅವಳು ದಿನವಿಡೀ ತೆಗೆದುಕೊಳ್ಳುವುದು ಕಿಲೋಗೆ ಸುಮಾರು 18 ಮಿಲಿಗ್ರಾಂ. ಹಾಗೆಂದು ಇಲಿಯ ಪ್ರಮಾಣ ಮೂವತ್ತು ಪಟ್ಟು ಹೆಚ್ಚು, ಆದ್ದರಿಂದ ನಮಗೆ ಭಯವಿಲ್ಲ ಎಂಬ ಲೆಕ್ಕ ತಪ್ಪಾಗುತ್ತದೆ. ಇಲಿಯ ದೇಹ ಈ ಔಷಧವನ್ನು ನಮಗಿಂತ ಬಹಳ ಬೇಗ ಹೊರಹಾಕುತ್ತದೆ. ನಮ್ಮ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು 9ರಿಂದ 16 ಗಂಟೆ ಬೇಕು, ಮತ್ತು ನಾವು ಅದನ್ನು ಬಸಿರಿನ ಎಲ್ಲ ದಿನಗಳಲ್ಲೂ ಸೇವಿಸುತ್ತೇವೆ.

ಹೀಗೇಕೆ ಆಗುತ್ತದೆ ಎಂಬುದಕ್ಕೆ ಒಂದು ಮುಖ್ಯ ಸುಳಿವು 2001ರಲ್ಲಿ ಸಿಕ್ಕಿತು. ಜೀವಕೋಶದೊಳಗೆ ಯಾವ ಜೀನ್ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನು ನಿಯಂತ್ರಿಸುವಲ್ಲಿ ಪಾಲಿರುವ ಹಿಸ್ಟೋನ್ ಡಿಅಸಿಟೈಲೇಸ್ ಎಂಬ ಕಿಣ್ವಗಳನ್ನು ವಾಲ್‌ಪ್ರೊಯೇಟ್ ತಡೆಯುತ್ತದೆ. ಬೆಳೆದವರ ಮಿದುಳು ಇದನ್ನು ತಾಳಿಕೊಳ್ಳುತ್ತದೆ. ಗಂಟೆಗಂಟೆಗೂ ಹೊಸ ಜೀನ್‌ಗಳು ಸರದಿಯಲ್ಲಿ ತೆರೆದುಕೊಳ್ಳಬೇಕಾದ ಭ್ರೂಣಕ್ಕೆ ಆ ಸರದಿ ತಪ್ಪುವುದು ದೊಡ್ಡ ಹೊಡೆತ.

ಮನುಷ್ಯರ ಅಂಕಿಅಂಶಗಳನ್ನು ನೇರವಾಗಿ ಹೇಳುತ್ತೇನೆ, ಧೈರ್ಯ ತಂದುಕೊಂಡು ಓದಿ. ಮೂರ್ಛೆರೋಗದ ಔಷಧ ಸೇವಿಸುತ್ತಿದ್ದ ತಾಯಂದಿರ ಏಳು ಸಾವಿರಕ್ಕೂ ಹೆಚ್ಚು ಬಸಿರುಗಳನ್ನು ಹಿಂಬಾಲಿಸಿದ ಯುರಾಪ್ ಎಂಬ ಅಂತರರಾಷ್ಟ್ರೀಯ ನೋಂದಣಿಯ 2018ರ ವರದಿಯಲ್ಲಿ, ವಾಲ್‌ಪ್ರೊಯೇಟ್ ಒಂದನ್ನೇ ತೆಗೆದುಕೊಂಡವರ ಶಿಶುಗಳಲ್ಲಿ ಶೇಕಡಾ 10.3ರಷ್ಟಕ್ಕೆ ದೊಡ್ಡ ಅಂಗದೋಷಗಳಿದ್ದವು. ಮೂರ್ಛೆರೋಗದ ಬೇರೆ ಎರಡು ಔಷಧಗಳಾದ ಲ್ಯಾಮೋಟ್ರಿಜಿನ್‌ನಲ್ಲಿ ಅದು 2.9, ಲೆವೆಟಿರಾಸೆಟಾಮ್‌ನಲ್ಲಿ 2.8. ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು: ದಿನಕ್ಕೆ 650 ಮಿಲಿಗ್ರಾಂವರೆಗೆ ಶೇಕಡಾ 6.3, 1450 ದಾಟಿದರೆ 25.2. ನಿಮ್ಮ ಮಗಳ 1000 ಮಿಲಿಗ್ರಾಂ ಇವೆರಡರ ನಡುವೆ, ಶೇಕಡಾ 11ರ ಆಸುಪಾಸಿನಲ್ಲಿ ಬರುತ್ತದೆ. ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಸಿರಿನಲ್ಲಿ ವಾಲ್‌ಪ್ರೊಯೇಟ್‌ಗೆ ಒಡ್ಡಿಕೊಂಡ ಮಕ್ಕಳ ಸರಾಸರಿ ಬುದ್ಧಿಸೂಚ್ಯಂಕ ಆರನೆಯ ವಯಸ್ಸಿಗೆ 97 ಇತ್ತು, ಲ್ಯಾಮೋಟ್ರಿಜಿನ್‌ನ ಮಕ್ಕಳದ್ದು 108. ಅದೇ ವರ್ಷ ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷ ಮಕ್ಕಳ ದಾಖಲೆಗಳನ್ನು ನೋಡಿದಾಗ, ಆಟಿಸಂ ಬಗೆಯ ತೊಂದರೆಗಳು ಒಟ್ಟಾರೆ ಮಕ್ಕಳಲ್ಲಿ ಶೇಕಡಾ 1.53 ಇದ್ದರೆ ವಾಲ್‌ಪ್ರೊಯೇಟ್ ತಾಯಂದಿರ ಮಕ್ಕಳಲ್ಲಿ 4.42 ಇದ್ದವು. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ ಎಂಬುದು ಇದೇ ಅಂಕಿಗಳಿಂದ ತಿಳಿಯುತ್ತದೆ. ಆದರೂ ಬೇರೆ ದಾರಿಯಿರುವಾಗ ಈ ಅಪಾಯವನ್ನು ಹೊರಬೇಕಾಗಿಲ್ಲ, ಮತ್ತು ಆ ದಾರಿಯನ್ನು ಹುಡುಕಬೇಕಾದದ್ದು ಮದುವೆಯ ನಂತರವಲ್ಲ, ಈಗ.

ಉತ್ತರ 2: ಪಶುವೈದ್ಯ, ಶಿರಸಿ

ಅಧ್ಯಾಪಕರು ಹೇಳಿದ್ದಕ್ಕೆ ನನ್ನ ವೃತ್ತಿಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಒಂದು ಪ್ರಾಣಿಯ ಬಸಿರಿನಿಂದ ಇನ್ನೊಂದರ ಬಸಿರನ್ನು ಅಳೆಯುವುದು ಎಷ್ಟು ಕಷ್ಟ ಎಂಬುದು ನಮಗೆ ದಿನನಿತ್ಯದ ಅನುಭವ. ನಾಯಿಗಳಿಗೂ ಮೂರ್ಛೆರೋಗ ಬರುತ್ತದೆ, ಆದರೆ ಅವುಗಳಿಗೆ ನಾವು ಕೊಡುವುದು ಫಿನೋಬಾರ್ಬಿಟಾಲ್ ಅಥವಾ ಪೊಟ್ಯಾಸಿಯಂ ಬ್ರೋಮೈಡ್. ವಾಲ್‌ಪ್ರೊಯೇಟ್ ನಾಯಿಯ ರಕ್ತದಲ್ಲಿ ಕೆಲವೇ ಗಂಟೆಗಳಲ್ಲಿ ಇಳಿದುಹೋಗುವುದರಿಂದ ಅದನ್ನು ನೆಚ್ಚಿಕೊಳ್ಳಲು ಆಗುವುದಿಲ್ಲ. ಒಂದೇ ಮಾತ್ರೆ, ಎರಡು ದೇಹಗಳಲ್ಲಿ ಎರಡು ಬೇರೆ ಔಷಧಗಳಂತೆ ನಡೆದುಕೊಳ್ಳುತ್ತದೆ.

ಥಾಲಿಡೋಮೈಡ್ ದುರಂತದ ಬಗ್ಗೆ ಹಲವರು ಕೇಳಿರಬಹುದು. ಬಸುರಿಯರ ವಾಕರಿಕೆಗೂ ನಿದ್ದೆಗೂ ಕೊಡುತ್ತಿದ್ದ ಆ ಔಷಧದಿಂದ ಸಾವಿರಾರು ಶಿಶುಗಳು ಕೈಕಾಲು ಬೆಳೆಯದೆ ಹುಟ್ಟಿದ ಮೇಲೆ 1961ರ ಕೊನೆಯಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಲು ಆರಂಭಿಸಿದರು. ನಂತರ ಪರೀಕ್ಷಿಸಿದಾಗ ಇಲಿ ಮತ್ತು ಸುಂಡಿಲಿಗಳ ಮರಿಗಳಿಗೆ ಆ ಬಗೆಯ ತೊಂದರೆ ಆಗಲೇ ಇಲ್ಲ, ಮೊಲ ಮತ್ತು ಕೋತಿಗಳ ಮರಿಗಳಿಗೆ ಆಯಿತು. ಅದಕ್ಕೇ ಇಂದು ಹೊಸ ಔಷಧವೊಂದನ್ನು ಸಾಮಾನ್ಯವಾಗಿ ಎರಡು ಜಾತಿಯ ಬಸುರಿ ಪ್ರಾಣಿಗಳಲ್ಲಿ, ದಂಶಕ ಒಂದು ಮತ್ತು ದಂಶಕವಲ್ಲದ್ದು ಒಂದು, ಹೆಚ್ಚಾಗಿ ಇಲಿ ಮತ್ತು ಮೊಲ, ಪರೀಕ್ಷಿಸಿ ನೋಡುವ ನಿಯಮವಿದೆ. ಹೀಗಾಗಿ ಪ್ರಾಣಿಯಲ್ಲಿ ಕಾಣದ ಮಾತ್ರಕ್ಕೆ ಮನುಷ್ಯರಿಗೆ ನಿರ್ಭಯ ಎನ್ನಲಾಗದು. ಆದರೆ ಸುಂಡಿಲಿಯಲ್ಲಿ ತಲೆಬುರುಡೆ ಮುಚ್ಚದಿರುವುದು, ಇಲಿಯಲ್ಲಿ ಮಿದುಳಿನ ಬದಲಾವಣೆ, ಮನುಷ್ಯರಲ್ಲಿ ಬೆನ್ನುಹುರಿಯ ದೋಷ, ಹೀಗೆ ಬೇರೆ ಬೇರೆ ಜಾತಿಗಳಲ್ಲಿ ಪೆಟ್ಟು ಒಂದೇ ಕಡೆಗೆ ಬೀಳುವಾಗ ಸಂದೇಹಕ್ಕೆ ಎಡೆ ಉಳಿಯುವುದಿಲ್ಲ. ಗಂಡು ಪ್ರಾಣಿಗಳಲ್ಲೂ, ಹೆಚ್ಚಿನ ಪ್ರಮಾಣವನ್ನು ಬಹುಕಾಲ ಕೊಟ್ಟಾಗ, ಇಲಿ ಮತ್ತು ನಾಯಿಗಳ ವೃಷಣ ಕುಗ್ಗಿ ವೀರ್ಯಾಣುಗಳ ಉತ್ಪಾದನೆ ಇಳಿದದ್ದು ದಾಖಲಾಗಿದೆ.

ಉತ್ತರ 3: ಅದೇ ದಾರಿಯಲ್ಲಿ ನಡೆದವಳು, ದಾವಣಗೆರೆ

ಅಕ್ಕ, ನಿಮ್ಮ ಮಗಳಿಗಿರುವ ಕಾಯಿಲೆಯೇ ನನಗೂ ಇದೆ, ಈಗ ನನಗೆ ನಾಲ್ಕು ವರ್ಷದ ಮಗನಿದ್ದಾನೆ. ಮದುವೆಗೆ ಒಂದೂವರೆ ವರ್ಷ ಮೊದಲು ವೈದ್ಯರು ನನ್ನ ಮಾತ್ರೆಯನ್ನು ಬದಲಾಯಿಸಲು ಆರಂಭಿಸಿದರು. ಮೊದಲು ಲ್ಯಾಮೋಟ್ರಿಜಿನ್ ಕೊಟ್ಟರು. ವಾಲ್‌ಪ್ರೊಯೇಟ್ ಜೊತೆಗಿರುವಾಗ ಅದರ ಮಟ್ಟ ರಕ್ತದಲ್ಲಿ ಇಮ್ಮಡಿಯಾಗುತ್ತದೆ ಮತ್ತು ಬೇಗ ಏರಿಸಿದರೆ ಮೈಮೇಲೆ ಅಪಾಯಕಾರಿ ದದ್ದು ಏಳಬಹುದು ಎಂಬ ಕಾರಣಕ್ಕೆ, ತೀರಾ ಸಣ್ಣ ಪ್ರಮಾಣದಿಂದ ತೊಡಗಿ ವಾರಗಟ್ಟಲೆ ಕಾದು ಕಾದು ಏರಿಸಿದರು. ಆದರೆ ಬೆಳಗಿನ ಕೈ ಅದುರುವಿಕೆ ನನ್ನಲ್ಲಿ ಮರುಕಳಿಸಿತು. ಆಗ ಲೆವೆಟಿರಾಸೆಟಾಮ್‌ಗೆ ಬಂದೆವು. ಮೊದಲ ಕೆಲವು ತಿಂಗಳು ವಿಪರೀತ ಸಿಡುಕು ಬರುತ್ತಿತ್ತು, ಮನೆಯವರೆಲ್ಲ ಸಹಿಸಿಕೊಂಡರು, ಬರಬರುತ್ತ ಕಡಿಮೆಯಾಯಿತು. ಬಸಿರಿನಲ್ಲಿ ಔಷಧದ ಮಟ್ಟ ಇಳಿಯುತ್ತದೆಂದು ಎರಡು ಬಾರಿ ಪ್ರಮಾಣ ಹೆಚ್ಚಿಸಿದರು, ಹೆರಿಗೆಯಾದ ಮೇಲೆ ಮತ್ತೆ ಇಳಿಸಿದರು. ಎದೆಹಾಲನ್ನೂ ಕೊಟ್ಟೆ.

ಇನ್ನೊಂದು ಮಾತನ್ನು ಮನಸ್ಸಿಗೆ ತಟ್ಟುವಂತೆ ಹೇಳಬೇಕಾಗಿದೆ. ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಬೇಡಿ. ಹಿಂದೆ ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವೂ ಮದುವೆಗೆ ಅಡ್ಡಿಯೆಂದು ನಮೂದಾಗಿತ್ತು. 1999ರ ತಿದ್ದುಪಡಿಯಲ್ಲಿ ಆ ಪದವನ್ನು ತೆಗೆದುಹಾಕಿದ್ದಾರೆ. ಕಾನೂನೇ ಬಿಟ್ಟುಕೊಟ್ಟ ಕಳಂಕವನ್ನು ನಾವೇಕೆ ಹೊತ್ತುಕೊಳ್ಳಬೇಕು? ನನ್ನ ದೊಡ್ಡಮ್ಮನ ಮಗಳಿಗೆ ಹೇಳದೆ ಮದುವೆ ಮಾಡಿದರು. ಅವಳು ಗಂಡನ ಮನೆಯಲ್ಲಿ ಮಾತ್ರೆಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು ನುಂಗುತ್ತಿದ್ದಳು, ಮದುವೆ ಮನೆಯ ನಿದ್ದೆಗೇಡು ಬೇರೆ, ಮಾತ್ರೆ ತಪ್ಪಿದ ನಾಲ್ಕನೆಯ ದಿನ ಒಲೆಯ ಮುಂದೆ ಬಿದ್ದಳು. ಅದರ ಗುರುತು ಅವಳ ತೋಳಿನ ಮೇಲೆ ಇಂದಿಗೂ ಇದೆ.

ಉತ್ತರ 4: 29 ವರ್ಷದ ಯುವಕ, ಪುಣೆಯಲ್ಲಿರುವ ಕನ್ನಡಿಗ

ಚರ್ಚೆಯ ನಡುವೆ ಬರುತ್ತಿರುವುದಕ್ಕೆ ಕ್ಷಮಿಸಿ. ನಾನು ಗಂಡಸು, ಎಂಟು ವರ್ಷಗಳಿಂದ ವಾಲ್‌ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದೇನೆ, ನಾವು ಮಗುವಿನ ಯೋಚನೆಯಲ್ಲಿದ್ದೇವೆ. ತಂದೆ ಸೇವಿಸಿದರೂ ಮಗುವಿಗೆ ತೊಂದರೆ ಎಂದು ಇತ್ತೀಚೆಗೆ ಓದಿದೆ. ಪಶುವೈದ್ಯರು ಬರೆದದ್ದನ್ನು ಓದಿ ಆತಂಕ ಹೆಚ್ಚಿದೆ. ಇದರ ಬಗ್ಗೆ ಏನು ತಿಳಿದಿದೆ?

ಉತ್ತರ 5: ಔಷಧಶಾಸ್ತ್ರದ ಅಧ್ಯಾಪಕ, ಮೈಸೂರು

ಸಹೋದರರೇ, ತಾಯಿಯ ವಿಷಯದಲ್ಲಿರುವಷ್ಟು ಖಚಿತತೆ ಇಲ್ಲಿಲ್ಲ. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ದೇಶಗಳ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದರಲ್ಲಿ, ಗರ್ಭ ನಿಲ್ಲುವ ಹಿಂದಿನ ಮೂರು ತಿಂಗಳಲ್ಲಿ ವಾಲ್‌ಪ್ರೊಯೇಟ್ ಸೇವಿಸಿದ ತಂದೆಯರ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ನರಸಂಬಂಧಿ ಬೆಳವಣಿಗೆಯ ತೊಂದರೆಗಳು ಕಂಡಿದ್ದವು, ಲ್ಯಾಮೋಟ್ರಿಜಿನ್ ಅಥವಾ ಲೆವೆಟಿರಾಸೆಟಾಮ್ ಸೇವಿಸಿದವರ ಮಕ್ಕಳಲ್ಲಿ ಸುಮಾರು ಮೂವರಿಗೆ. ಇದನ್ನು ನೋಡಿ ಐರೋಪ್ಯ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿ 2024ರ ಜನವರಿಯಲ್ಲಿ ಗಂಡಸರಿಗೂ ಮುನ್ನೆಚ್ಚರಿಕೆಗಳನ್ನು ಸೂಚಿಸಿತು. ಮೂರು ತಿಂಗಳ ಲೆಕ್ಕ ಏಕೆಂದರೆ ವೀರ್ಯಾಣುವೊಂದು ರೂಪುಗೊಳ್ಳಲು ಸುಮಾರು 74 ದಿನ ಬೇಕು. ಆದರೆ ಅದೇ ವರ್ಷ ಡೆನ್ಮಾರ್ಕಿನ ಸಂಶೋಧಕರು ಹನ್ನೆರಡು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು ನೋಡಿದಾಗ ತಂದೆಯ ಔಷಧಕ್ಕೂ ಮಕ್ಕಳ ತೊಂದರೆಗೂ ಸಂಬಂಧ ಕಾಣಲಿಲ್ಲ. ಪ್ರಾಣಿಗಳಲ್ಲಿ ವೃಷಣಕ್ಕಾದ ಹಾನಿ ಹೆಚ್ಚಿನ ಪ್ರಮಾಣದಲ್ಲಿ ಆದದ್ದು, ಮತ್ತು ಅದು ಮರಿಗಳ ಮಿದುಳಿನ ಪ್ರಶ್ನೆಯಲ್ಲ. ನನ್ನ ಅಭಿಪ್ರಾಯದಲ್ಲಿ ನೀವು ಮಾಡಬೇಕಾದದ್ದು ಇಷ್ಟು: ಔಷಧ ನಿಲ್ಲಿಸದೆ, ಮಗುವಿಗೆ ಪ್ರಯತ್ನಿಸುವ ಮುನ್ನ ವೈದ್ಯರೊಡನೆ ಕುಳಿತು, ನಿಮ್ಮ ಬಗೆಯ ಮೂರ್ಛೆರೋಗಕ್ಕೆ ಬೇರೆ ಔಷಧ ಹೊಂದುತ್ತದೆಯೇ ಎಂದು ಕೇಳಿ. ಹೊಂದದಿದ್ದರೆ ಎದೆಗುಂದಬೇಕಾಗಿಲ್ಲ.

ಉತ್ತರ 6: ನರರೋಗ ತಜ್ಞೆ, ಬೆಂಗಳೂರು

ಹಾಸನದ ಅಮ್ಮನವರಿಗೆ, ಇಲ್ಲಿ ಬಂದ ಮಾಹಿತಿ ಸರಿಯಾಗಿದೆ. ಆದರೂ ವಾಲ್‌ಪ್ರೊಯೇಟ್ ಕೊಟ್ಟ ವೈದ್ಯರನ್ನು ದೂಷಿಸುವ ಮೊದಲು ಒಂದು ವಿಷಯ ತಿಳಿದಿರಲಿ. ನಿಮ್ಮ ಮಗಳ ಬಗೆಯ ಮೂರ್ಛೆರೋಗಕ್ಕೆ ಇದಕ್ಕಿಂತ ಪರಿಣಾಮಕಾರಿ ಔಷಧ ಇಂದಿಗೂ ಇಲ್ಲ. ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಸನಾಡ್ 2 ಎಂಬ ಪ್ರಯೋಗದಲ್ಲಿ ಲೆವೆಟಿರಾಸೆಟಾಮ್ ಅದರ ಸಮಕ್ಕೆ ನಿಲ್ಲಲಿಲ್ಲ. ಅದಕ್ಕೇ ಬದಲಾವಣೆ ಸಲೀಸಲ್ಲ, ಕೆಲವರಲ್ಲಿ ಫಿಟ್ಸ್ ಮರುಕಳಿಸುತ್ತದೆ, ಮತ್ತು ಬಸಿರಿನಲ್ಲಿ ಬರುವ ದೊಡ್ಡ ಫಿಟ್ಸ್ ತಾಯಿಗೂ ಮಗುವಿಗೂ ಅಪಾಯಕಾರಿ. ಮದುವೆಯಾದ ಮೇಲೆ ನೋಡೋಣ ಎಂಬ ಸಲಹೆಯನ್ನು ನಾನು ಒಪ್ಪದಿರುವುದೂ ಇದೇ ಕಾರಣಕ್ಕೆ. ಬದಲಾಯಿಸಿ, ಹೊಸ ಔಷಧ ನಿಂತಿದೆಯೇ ಎಂದು ನೋಡಿ, ಅಗತ್ಯವಿದ್ದರೆ ಇನ್ನೊಂದನ್ನು ಪ್ರಯತ್ನಿಸಲು ಒಂದು ವರ್ಷವಾದರೂ ಕೈಯಲ್ಲಿರಬೇಕು. ಬಸಿರು ಗೊತ್ತಾದ ಮೇಲೆ ಓಡಿಬಂದರೆ ನರಕೊಳವೆ ಮುಚ್ಚುವ ಕಾಲ ಆಗಲೇ ಕಳೆದಿರುತ್ತದೆ.

ಫೋಲಿಕ್ ಆಮ್ಲ ಬೇಕೇ ಬೇಕು, ಗರ್ಭ ನಿಲ್ಲುವ ಮೊದಲಿನಿಂದಲೇ ಬೇಕು. ಮೊದಲೊಂದು ಮಗುವಿಗೆ ನರಕೊಳವೆಯ ದೋಷವಿದ್ದ ತಾಯಂದಿರಲ್ಲಿ ಅದು ಮರುಕಳಿಸುವುದನ್ನು ಶೇಕಡಾ 72ರಷ್ಟು ತಡೆಯಬಹುದೆಂದು 1991ರ ಬ್ರಿಟಿಷ್ ಪ್ರಯೋಗ ತೋರಿಸಿತು. ಆದರೆ ವಾಲ್‌ಪ್ರೊಯೇಟ್‌ನಿಂದ ಬರುವ ದೋಷಗಳನ್ನು ಅದು ತಡೆಯುತ್ತದೆಂದು ಸಾಬೀತಾಗಿಲ್ಲ. ಫೋಲಿಕ್ ಆಮ್ಲವಿದೆಯಲ್ಲ ಎಂಬ ಧೈರ್ಯದ ಮೇಲೆ ವಾಲ್‌ಪ್ರೊಯೇಟ್ ಮುಂದುವರಿಸುವುದು ತಪ್ಪು.

ಬೇರೆ ಯಾವ ಔಷಧವೂ ಹೊಂದದಿದ್ದರೆ, ಎಲ್ಲವನ್ನೂ ತಿಳಿದು ಮಗಳೇ ಒಪ್ಪಿದ ಮೇಲೆ, ಸಾಧ್ಯವಾದಷ್ಟು ಕಡಿಮೆ ಪ್ರಮಾಣದಲ್ಲಿ ವಾಲ್‌ಪ್ರೊಯೇಟ್ ಇಟ್ಟುಕೊಂಡೇ ಬಸಿರನ್ನು ನಿಭಾಯಿಸಿದವರೂ ನಮ್ಮಲ್ಲಿದ್ದಾರೆ. ಅಂಥವರಿಗೆ 18ರಿಂದ 20 ವಾರಗಳ ನಡುವಿನ ವಿವರವಾದ ಸ್ಕ್ಯಾನಿಂಗ್ ಕಡ್ಡಾಯ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ 1998ರಿಂದ ಮೂರ್ಛೆರೋಗವಿರುವ ಬಸುರಿಯರ ನೋಂದಣಿ ನಡೆಯುತ್ತಿದ್ದು, ನಮ್ಮ ದೇಶದ ಹೆಣ್ಣುಮಕ್ಕಳ ಅನುಭವದಿಂದಲೇ ನಾವು ಕಲಿಯುವಂತಾಗಿದೆ. ಹಾಸನದಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಒಮ್ಮೆ ಬರಲು ಸಾಧ್ಯವಾದರೆ ಬನ್ನಿ. ಬರುವಾಗ ಹಳೆಯ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ), ಈವರೆಗಿನ ಚೀಟಿಗಳು ಇರಲಿ. ಮುಟ್ಟು ಏರುಪೇರಾಗಿದೆಯೇ, ತೂಕ ಏರಿದೆಯೇ ಎಂಬುದನ್ನೂ ಬರೆದು ತನ್ನಿ, ಏಕೆಂದರೆ ಈ ಔಷಧ ಸೇವಿಸುವ ಹುಡುಗಿಯರಲ್ಲಿ ಪಿಸಿಓಎಸ್ ಎಂಬ, ಅಂಡಾಶಯ ಮತ್ತು ಹಾರ್ಮೋನುಗಳ ತೊಂದರೆ ಹೆಚ್ಚಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು: ಹಾಸನದ ತಾಯಿ

ನಿಮ್ಮೆಲ್ಲರಿಗೂ ಕೈಮುಗಿಯುತ್ತೇನೆ. ಇದನ್ನೆಲ್ಲ ಮಗಳ ಕೈಗೇ ಕೊಟ್ಟು ಓದಿಸಿದೆ. ಅವಳು ಓದಿ ಮುಗಿಸಿ, ಅಮ್ಮ, ಇದನ್ನು ಆರು ವರ್ಷದ ಹಿಂದೆಯೇ ನನಗೆ ಹೇಳಬೇಕಿತ್ತು ಎಂದಳು. ಹುಡುಗನ ಮನೆಯವರಿಗೆ ತಾನೇ ತಿಳಿಸುತ್ತೇನೆಂದೂ, ಮಾತ್ರೆ ಬದಲಾಗಿ ನೆಲೆ ನಿಲ್ಲುವವರೆಗೆ ದಿನ ಗೊತ್ತುಮಾಡುವುದು ಬೇಡವೆಂದೂ ಹೇಳಿದ್ದಾಳೆ. ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತೇವೆ. ಅವಳದೊಂದು ಪ್ರಶ್ನೆ ಉಳಿದಿದೆ: ಕೆಲಸಕ್ಕೆ ದಿನವೂ ಸ್ಕೂಟರ್‌ನಲ್ಲಿ ಹೋಗುತ್ತಾಳೆ, ಮಾತ್ರೆ ಬದಲಾಯಿಸುವ ತಿಂಗಳುಗಳಲ್ಲಿ ಅದನ್ನು ಓಡಿಸಬಹುದೇ?

ಉತ್ತರ 7: ನರರೋಗ ತಜ್ಞೆ, ಬೆಂಗಳೂರು

ಬೇಡ ಅಮ್ಮ. ವಾಲ್‌ಪ್ರೊಯೇಟ್ ಇಳಿಸಲು ಆರಂಭಿಸಿದ ದಿನದಿಂದ, ಹೊಸ ಔಷಧದ ಮೇಲೆ ಫಿಟ್ಸ್ ಇಲ್ಲದೆ ಸಾಕಷ್ಟು ಕಾಲ ಕಳೆದು ವೈದ್ಯರು ಸರಿ ಎನ್ನುವವರೆಗೆ, ಸ್ಕೂಟರ್ ಮನೆಯಲ್ಲೇ ಇರಲಿ, ಬಸ್ಸಿನಲ್ಲಿ ಹೋಗಲಿ. ಕೆರೆ, ಬಾವಿಕಟ್ಟೆಗಳ ಬಳಿ ಒಬ್ಬಳೇ ಹೋಗುವುದು ಬೇಡ, ಬಚ್ಚಲುಮನೆಯ ಚಿಲಕ ಹಾಕುವುದು ಬೇಡ. ರಾತ್ರಿ ನಿದ್ದೆ ತಪ್ಪಿಸಲೇಬಾರದು. ಬೆಳಗ್ಗೆ ಕೈ ಒಂದೇ ಒಂದು ಸಲ ಅದುರಿದರೂ ಅದನ್ನು ತಾರೀಖಿನೊಂದಿಗೆ ಬರೆದಿಡಲು ಹೇಳಿ, ಬರುವಾಗ ಆ ಪುಸ್ತಕವನ್ನು ಮರೆಯದೆ ತನ್ನಿ.